ಕೆಳಗೆ ಚಿಲಕವಿದ್ದ ಬಾಗಿಲು

ಮೇಸ್ತ್ರಿ ಬಾಗಿಲ ಚೌಕಟ್ಟಿನ ಸಂದಿಗೆ ಉಳಿ ಇಟ್ಟು ಹೊಡೆದಾಗ ಮೊದಲು ಉದುರಿದ್ದು ಸಿಮೆಂಟಿನ ಪುಡಿ. ಮತ್ತೆರಡು ಪೆಟ್ಟಿಗೆ ಮರ ಸೀಳಿತು, ಒಳಗಿನಿಂದ ಆ ವಾಸನೆ ಬಂತು. ಮಗ್ಗದ ಎಣ್ಣೆ, ನೂಲಿಗೆ ಹಾಕುವ ಗಂಜಿ, ಬಹಳ ವರ್ಷ ಕೈ ತಾಗಿ ಜಿಡ್ಡುಗಟ್ಟಿದ ಮರ, ಎಲ್ಲ ಸೇರಿದ ವಾಸನೆ. ಮೇಸ್ತ್ರಿ ಮೂಗು ಒರೆಸಿಕೊಂಡು, ಇದು ಯಾವುದೋ ಹಳೇ ಕೈಮಗ್ಗದ ಮರ ಸಾರ್, ಬಾಗಿಲಿಗೆ ಅಂತ ತಂದಿದ್ದಲ್ಲ ಎಂದ. ನನಗೆ ಗೊತ್ತಿತ್ತು. ಆ ಬಾಗಿಲಿನ ಬಗ್ಗೆ ಎಲ್ಲವೂ ಗೊತ್ತಿದೆ ಎಂದೇ ನಾನು ಆ ಕ್ಷಣದವರೆಗೂ ತಿಳಿದಿದ್ದೆ.

ಅದನ್ನು ಕೀಳಿಸುವ ಆಸೆ ನನಗೇನೂ ಇರಲಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಮಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಲ್ಲಿ ಈ ಬಾಗಿಲು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಮನೆಗೆ ಕರೆಂಟು ಬಂದದ್ದು ಪಕ್ಕದ ಮನೆಯ ಮೀಟರಿನಿಂದ. ಈಗ ಆ ಮನೆ ಹೊಸಕೋಟೆಗೆ ಮದುವೆಯಾಗಿ ಹೋದ ಮಗಳ ಪಾಲಿಗೆ ಬಂದಿದೆ. ಅವಳು ಅದನ್ನು ಬಾಡಿಗೆಗೆ ಕೊಡಬೇಕೆಂದಿದ್ದಾಳೆ. ನೀವೊಂದು ಬೇರೆ ಮೀಟರ್ ಹಾಕಿಸ್ಕೊಳ್ಳಿ ಅಣ್ಣ, ಬಾಡಿಗೆಯವರು ಒಪ್ಪಲ್ಲ ಎಂದು ಫೋನಿನಲ್ಲಿ ಸಂಕೋಚದಿಂದಲೇ ಕೇಳಿದಳು. ನ್ಯಾಯವಾದ ಮಾತು. ನಾನು ಅರ್ಜಿ ಹಾಕಿದೆ.

ಸ್ಥಳ ನೋಡಲು ಬಂದ ಎಂಜಿನಿಯರ್ ಎಳೆಯ ವಯಸ್ಸಿನವನು, ಮರ್ಯಾದಸ್ಥ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಗೋಡೆಯ ಫೋಟೋ ತೆಗೆದುಕೊಂಡು, ಬಾಗಿಲನ್ನು ಒಮ್ಮೆ ತಳ್ಳಿ ನೋಡಿದ.

"ಸಾರ್, ಮಧ್ಯೆ ಬಾಗ್ಲಿದ್ರೆ ಒಂದೇ ಮನೆ ಅಂತ ಆಗೋಗುತ್ತೆ. ಒಂದೇ ಮನೆಗೆ ಎರಡನೇ ಮೀಟರ್ ಕೊಡಕ್ಕಾಗಲ್ಲ. ಇದನ್ನ ಮುಚ್ಚಿಸ್ಬಿಡಿ, ಮುಚ್ಚಿರೋ ಫೋಟೋ ಹಾಕಿ, ಬಂದು ಕೂರಿಸ್ಕೊಡ್ತೀವಿ."

ನಾನು ನಕ್ಕುಬಿಟ್ಟೆ. ಪಾಪ, ಅವನಿಗೆ ಅರ್ಥವಾಗಲಿಲ್ಲ. ಈ ಬಾಗಿಲಿನ ಬಗ್ಗೆ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿಕೊಂಡು ಬಂದ ಕತೆಯೊಂದಿದೆ. ಇದೇ ಕರೆಂಟು ಆಫೀಸಿನ ಕಣ್ಣಿಗೆ ಎರಡು ಮನೆಯನ್ನು ಒಂದು ಎಂದು ತೋರಿಸಲು ರಾತ್ರೋರಾತ್ರಿ ಎಬ್ಬಿಸಿದ ಬಾಗಿಲು ಇದು ಎಂಬ ಕತೆ. ಒಂದು ಎಂದು ತೋರಿಸಲು ಕೂರಿಸಿದ್ದನ್ನು ಈಗ ಎರಡು ಎಂದು ತೋರಿಸಲು ಕೀಳಬೇಕು. ನಗದೆ ಏನು ಮಾಡಲಿ?

ಬಾಗಿಲನ್ನು ಎಬ್ಬಿಸಿದವಳು ಪಕ್ಕದ ಮನೆಯ ಅತ್ತೆ.

ಅತ್ತೆ ನಮಗೆ ರಕ್ತಸಂಬಂಧಿಯಲ್ಲ, ಜಾತಿಯೂ ಬೇರೆ. ನಮ್ಮದು ತೂಬಗೆರೆ ಕಡೆಯ ಒಕ್ಕಲು ಮನೆತನ. ಅವರದು ನೇಯ್ಗೆಯವರ ಮನೆ, ಒಳಗೆ ತೆಲುಗು ಮಾತು. ಅವಳು ನಮ್ಮಪ್ಪನನ್ನು ಅಣ್ಣ ಎನ್ನುತ್ತಿದ್ದಳು, ಅಮ್ಮನನ್ನು ಅತ್ತಿಗೆ ಎನ್ನುತ್ತಿದ್ದಳು, ಹಾಗಾಗಿ ನನಗೆ ಅತ್ತೆ. ಗಂಡ ತೀರಿಕೊಂಡ ಮೇಲೆ ಮುಂದಿನ ಕೋಣೆಯಲ್ಲಿದ್ದ ಎರಡು ಕರೆಂಟಿನ ಮಗ್ಗಗಳನ್ನು ತಾನೇ ನಡೆಸುತ್ತಿದ್ದಳು. ದಿನವಿಡೀ ಆ ಸದ್ದಿನಲ್ಲೇ ಇದ್ದು ಕಿವಿ ಮಂದವಾಗಿತ್ತು. ಅದಕ್ಕೇ ಮಾತೆಲ್ಲ ಕೂಗು. ಕಾಫಿ ಕುಡೀತೀಯಾ ಎಂದು ಕೇಳಿದರೂ ಜಗಳಕ್ಕೆ ಕರೆದಂತಿರುತ್ತಿತ್ತು. ಚಿಕ್ಕಂದಿನಲ್ಲಿ ನನಗೆ ಅವಳೆಂದರೆ ಅಷ್ಟೇನೂ ಪ್ರೀತಿ ಇರಲಿಲ್ಲ. ನನ್ನ ಓದಿಗೆ ಆ ಮಗ್ಗಗಳೇ ಶತ್ರು. ಸ್ವಲ್ಪ ಹೊತ್ತು ನಿಲ್ಲಿಸಿ ಎಂದು ಒಮ್ಮೆ ಹೇಳಲು ಹೋಗಿದ್ದೆ. ನೀನು ಓದೋದನ್ನ ನಿಲ್ಲಿಸು, ನಿಂಗೆ ಯಾರೂ ಕೂಲಿ ಕೊಡಲ್ಲ ಎಂದು ಕೂಗಿ, ಒಂದು ಹಿಡಿ ಕಡಲೆಪುರಿ ಕೊಟ್ಟು ಕಳಿಸಿದ್ದಳು.

ಕರೆಂಟು ಹೋದರೆ ಬೀದಿಗೆ ಬಂದು ಕಂಬದ ಎದುರು ನಿಂತು ತೆಲುಗಿನಲ್ಲಿ ಬೈಯುತ್ತಿದ್ದಳು. ಯಾರನ್ನು ಎಂದು ಕೇಳಿದರೆ ಕಂಬವನ್ನೇ ಎನ್ನುತ್ತಿದ್ದಳು. ಆಫೀಸಿನವರು ಎಲ್ಲಿ ಕೈಗೆ ಸಿಗುತ್ತಾರೆ, ಇದಾದರೆ ಓಡಿಹೋಗುವುದಿಲ್ಲ. ಕರೆಂಟು ಬಂದರೆ ಊಟದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದಳು. ಅವಳ ಮನೆಯಲ್ಲಿ ಎರಡು ಮೀಟರಿದ್ದವು, ಒಂದು ಮಗ್ಗಕ್ಕೆ, ಒಂದು ಮನೆಗೆ. ಅವುಗಳ ಮೇಲೆ ಧೂಳು ಕೂರದಂತೆ ಸೀರೆಯ ತುಂಡೊಂದನ್ನು ಇಳಿಬಿಟ್ಟಿದ್ದಳು. ದೇವರ ಪಟಕ್ಕೂ ಅಷ್ಟು ಉಪಚಾರ ನಡೆಯುತ್ತಿತ್ತೋ ಇಲ್ಲವೋ.

ನಮ್ಮ ಮೀಟರು ಸುಟ್ಟದ್ದು ನಾನು ಬೆಂಗಳೂರಿನಲ್ಲಿ ಚರಿತ್ರೆಯ ಎಂ.ಎ. ಓದುತ್ತಿದ್ದಾಗ. ಒಂದು ಗುಡುಗಿನ ಸಂಜೆ ಅದರೊಳಗೆ ಕಿಡಿ ಹಾರಿ, ಕಪ್ಪು ಹೊಗೆ ಬಂದು, ಗೋಡೆಯೆಲ್ಲ ಮಸಿಯಾಯಿತಂತೆ. ಲೈನ್‌ಮ್ಯಾನ್ ಬಂದು ತಂತಿ ಕತ್ತರಿಸಿ ಮೀಟರು ಬಿಚ್ಚಿಕೊಂಡು ಹೋದ. ಹೊಸದು ಕೊಡಿ ಎಂದು ಅಪ್ಪ ಹೋದರೆ, ಮೀಟರು ನಿಮ್ಮಪ್ಪನ ಹೆಸರಿನಲ್ಲಿದೆ, ಅವರು ಈಗಿಲ್ಲ, ಮೊದಲು ಹೆಸರು ಬದಲಾಯಿಸಿಕೊಳ್ಳಿ ಎಂದರು. ಹೆಸರು ಬದಲಾಗಲು ಮನೆಯ ಖಾತೆ ಅಪ್ಪನಿಗೆ ಆಗಬೇಕು. ಖಾತೆಯಾಗಲು ದೊಡ್ಡಪ್ಪ ಸಹಿ ಹಾಕಬೇಕು. ದೊಡ್ಡಪ್ಪನಿಗೂ ಅಪ್ಪನಿಗೂ ಜಮೀನಿನ ಭಾಗದ ವಿಷಯದಲ್ಲಿ ಮಾತು ನಿಂತುಹೋಗಿತ್ತು. ಅವನು ಕತ್ತಲಲ್ಲೇ ಇರಲಿ ಎಂದು ದೊಡ್ಡಪ್ಪ ತೂಬಗೆರೆಯಿಂದ ಹೇಳಿ ಕಳಿಸಿದನಂತೆ. ಅಂತೆ ಎನ್ನುತ್ತಿದ್ದೇನೆ. ಹೇಳಿ ಕಳಿಸಿದ್ದು ಯಾರ ಕೈಲಿ, ಬಂದು ಹೇಳಿದವರು ಯಾರು, ನನಗೆ ತಿಳಿಯದು. ಖಾತೆ ನನ್ನ ಹೆಸರಿಗೆ ಆದದ್ದು ಅಪ್ಪನೂ ದೊಡ್ಡಪ್ಪನೂ ಹೋದ ಮೇಲೆ.

ಅಪ್ಪ ಹಾಲಿನ ಡೇರಿಯಲ್ಲಿ ಹಾಲು ಅಳೆಯುವ ಕೆಲಸದಲ್ಲಿದ್ದ. ನಿಯಮದ ಮನುಷ್ಯ. ಬೇರೆಯವರಾಗಿದ್ದರೆ ಲೈನ್‌ಮ್ಯಾನ್ ಕೈಗೆ ಏನಾದರೂ ಕೊಟ್ಟು ಕಂಬದಿಂದಲೇ ಎಳೆಸಿಕೊಳ್ಳುತ್ತಿದ್ದರು. ನಮ್ಮ ಬೀದಿಯಲ್ಲಿ ಅದೇನೂ ದೊಡ್ಡ ಸಂಗತಿಯಾಗಿರಲಿಲ್ಲ. ಅಪ್ಪ ಅರ್ಜಿ ಬರೆದ. ತಿರಸ್ಕಾರವಾಯಿತು. ಮತ್ತೆ ಬರೆದ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸಾಹೇಬರು ನೆಲಮಂಗಲಕ್ಕೆ ವರ್ಗವಾಗಿದ್ದಾರೆ, ಹೊಸ ಸಾಹೇಬರು ಇನ್ನೂ ಬಂದಿಲ್ಲ. ನಾನು ಊರಿಗೆ ಬಂದಾಗಲೆಲ್ಲ ಕತ್ತಲ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿಯ ಮುಂದೆ ಕೂತು ಅಪ್ಪ ಇದನ್ನು ಒಂದೂ ಬಿಡದೆ ಒಪ್ಪಿಸುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು, ಆಫೀಸಿನ ಮೇಲೋ ಅಪ್ಪನ ಮೇಲೋ ಗೊತ್ತಾಗುತ್ತಿರಲಿಲ್ಲ. ಗೋಡೆಗೆ ಹಣೆ ಚಚ್ಚಿಕೊಳ್ಳುವವನ ಹಣೆಯ ಬಗ್ಗೆ ಕನಿಕರ ಪಡಬೇಕೋ, ಬೇರೆ ದಾರಿ ಹುಡುಕು ಮಾರಾಯ ಎಂದು ಬೈಯಬೇಕೋ…

ಆ ಮಾಗಿಯಲ್ಲಿ ಅಮ್ಮನಿಗೆ ಉಬ್ಬಸ ಹೆಚ್ಚಾಯಿತು. ಮೊದಲೂ ಇತ್ತು, ಬುಡ್ಡಿಯ ಹೊಗೆಗೆ ಇನ್ನಷ್ಟು ಕೆರಳಿತು. ಡಾಕ್ಟರು ಮೂಗಿಗೆ ಮುಖವಾಡ ಹಾಕಿಕೊಂಡು ಔಷಧಿಯ ಹಬೆ ಎಳೆದುಕೊಳ್ಳುವ ಮಿಷನ್ನು ಬರೆದುಕೊಟ್ಟರು. ಉಸಿರು ಕಟ್ಟಿದಾಗ ತಡಮಾಡಬೇಡಿ, ತಕ್ಷಣ ಹಾಕಿ ಎಂದು ಹೇಳಿ ಕಳಿಸಿದರಂತೆ. ಅಪ್ಪ ಅದನ್ನು ತಂದು ಬೀರುವಿನ ಮೇಲಿಟ್ಟ. ಹಾಕುವುದೆಲ್ಲಿಗೆ? ಕರೆಂಟಿಲ್ಲದ ಮನೆಗೆ ಕರೆಂಟಿನ ಮಿಷನ್ನು ಬಂದು ಕೂತಿತ್ತು.

ಇಲ್ಲಿಂದ ಮುಂದೆ, ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಹೀಗೆ.

ಅತ್ತೆ ತನ್ನ ಹಿತ್ತಲಿನಿಂದ ಗೋಡೆಯ ಮೇಲೆ ಒಂದು ತಂತಿ ಎಸೆದು, ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ತೂರಿಸಿ, ಮಿಷನ್ನಿಗೂ ಒಂದು ಬಲ್ಬಿಗೂ ಕರೆಂಟು ಕೊಟ್ಟಳು. ಅಪ್ಪ ಬೇಡವೆಂದ. ಒಬ್ಬರ ಮೀಟರಿನಿಂದ ಇನ್ನೊಂದು ಮನೆಗೆ ಎಳೆಯುವುದು ಕಳ್ಳತನದ ಲೆಕ್ಕಕ್ಕೆ ಬರುತ್ತದೆ, ಸಿಕ್ಕಿಬಿದ್ದರೆ ನಿನ್ನ ಮಗ್ಗದ ಲೈನನ್ನೂ ಕಿತ್ತುಹಾಕುತ್ತಾರೆ, ಆಮೇಲೆ ನೀನು ಉಣ್ಣುವುದೇನು ಎಂದ. ಅದಕ್ಕೆ ಅತ್ತೆ ಹೇಳಿದ್ದನ್ನು ಅಪ್ಪ ಸಾಯುವವರೆಗೂ ನೆನೆಸಿಕೊಳ್ಳುತ್ತಿದ್ದ.

"ಅತ್ತಿಗೆ ಮೊದ್ಲು ಉಸ್ರಾಡ್ಲಿ ಅಣ್ಣ. ಅರ್ಜಿ ಆಮೇಲೆ ಕೊಡೋರಂತೆ."

ಕೆಲವು ತಿಂಗಳ ನಂತರ ಕರೆಂಟು ಕಂಪನಿಯ ತಪಾಸಣೆಯವರು ಬೀದಿಗೆ ಬರುತ್ತಾರೆಂದು ಲೈನ್‌ಮ್ಯಾನ್ ಹಿಂದಿನ ದಿನವೇ ಸುಳಿವು ಕೊಟ್ಟ. ತಂತಿ ಕಿತ್ತರೆ ಅಮ್ಮನ ಉಸಿರಿಗೆ ಅಪಾಯ, ಬಿಟ್ಟರೆ ಅತ್ತೆಯ ಮಗ್ಗಕ್ಕೆ ಅಪಾಯ. ಅತ್ತೆ ಯೋಚಿಸಿದಳು. ಬೇರೆ ಮನೆಗೆ ಕೊಟ್ಟರೆ ತಾನೇ ತಪ್ಪು, ಒಂದೇ ಮನೆಯಾದರೆ? ಅಟ್ಟದ ಮೇಲಿದ್ದ ಗಂಡನ ಹಳೆಯ ಕೈಮಗ್ಗದ ತೊಲೆಗಳನ್ನು ಇಳಿಸಿ, ಬಡಗಿಯನ್ನೂ ಗಾರೆಯವನನ್ನೂ ಕರೆಸಿ, ಬೆಳಗಾಗುವುದರೊಳಗೆ ನಡುಗೋಡೆ ಒಡೆಸಿ ಬಾಗಿಲು ಕೂರಿಸಿಬಿಟ್ಟಳು. ಅವಸರ ಎಷ್ಟಿತ್ತೆಂದರೆ ಬಾಗಿಲನ್ನು ತಲೆಕೆಳಗಾಗಿ ಕೂರಿಸಿದ್ದರು. ಮೇಲೆ ಇರಬೇಕಾದ ಚಿಲಕ ಕೆಳಗೆ, ನೆಲಕ್ಕೆ ತಾಗುವಂತೆ ಬಂದಿತ್ತು. ಕತೆಯ ಈ ಭಾಗಕ್ಕೆ ಕೇಳುವವರು ತಪ್ಪದೆ ನಗುತ್ತಿದ್ದರು. ನಂಬದವರನ್ನು ಮನೆಗೆ ಕರೆದುಕೊಂಡು ಬಂದು ಚಿಲಕ ತೋರಿಸುತ್ತಿದ್ದೆ. ನೋಡಿ, ಸಾಕ್ಷಿ.

ತಪಾಸಣೆಯವರು ಬಂದ ದಿನ ನಾನು ಮನೆಯಲ್ಲಿದ್ದೆ. ಪರೀಕ್ಷೆಯ ಗಲಾಟೆಯಲ್ಲಿ ಬಹಳ ತಿಂಗಳು ಊರಿಗೆ ಬಂದಿರಲಿಲ್ಲ, ಅವತ್ತು ಬೆಳಗಿನ ಬಸ್ಸಿಗಷ್ಟೇ ಬಂದಿದ್ದೆ, ಹಿಂದಿನ ಸಲ ಇರದಿದ್ದ ಬಾಗಿಲು ಆಗಲೇ ಗೋಡೆಯಲ್ಲಿ ಕೂತಿತ್ತು. ಆದ್ದರಿಂದ ಅವತ್ತಿನ ಮಾತುಗಳನ್ನು ನನ್ನ ಕಿವಿಯಿಂದಲೇ ಕೇಳಿದ್ದೇನೆ, ಅಷ್ಟನ್ನಾದರೂ ನಂಬುತ್ತೇನೆ. ಬಂದವರಲ್ಲಿ ಹಿರಿಯ ಅಧಿಕಾರಿಯೊಬ್ಬರು ತಂತಿಯನ್ನು ಕಣ್ಣಿನಲ್ಲೇ ಹಿಂಬಾಲಿಸುತ್ತ ಬಂದು ನಮ್ಮ ನಡುಮನೆಯಲ್ಲಿ ನಿಂತರು. ಅಮ್ಮ ಮೂಲೆಯಲ್ಲಿ ಮಿಷನ್ನು ಹಿಡಿದು ಕೂತಿದ್ದಳು. ಅತ್ತೆ ಬಾಗಿಲಿನಲ್ಲಿ ನಿಂತಿದ್ದಳು, ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ.

"ಎರಡು ಮನೆ ಅಲ್ಲ ಸಾರ್ ಇದು. ಒಂದೇ ಮನೆ," ಎಂದಳು. ಎಂದಿನಂತೆ ಕೂಗಿದಳು. ಬೀದಿಗೆಲ್ಲ ಕೇಳಿಸಿರಬೇಕು.

ಅಡುಗೆಮನೆ ಎರಡಿದೆಯಲ್ಲಮ್ಮ ಎಂದು ಅಧಿಕಾರಿ ಕೇಳಿದರು. ಅವರಿಗೂ ಅನುಮಾನ ಬಂದಿತ್ತು.

"ನಮ್ಮಣ್ಣಂಗೆ ಉಪ್ಪು ಜಾಸ್ತಿ ಬೇಕು ಸಾರ್, ನಮ್ಗೆ ಕಮ್ಮಿ. ಅದುಕ್ಕೆ ಒಲೆ ಬೇರೆ ಇಕ್ಕೊಂಡಿದೀವಿ. ಉಪ್ಪಿಗೂ ಮೀಟ್ರು ಹಾಕ್ತೀರಾ?"

ಜೊತೆಗೆ ಬಂದಿದ್ದವರು ನಕ್ಕರು. ಅಧಿಕಾರಿ ನಗಲಿಲ್ಲ. ಅಪ್ಪನ ಕಡೆ ತಿರುಗಿ, ಹೌದೇನ್ರೀ, ಇವರು ನಿಮ್ಮ ತಂಗಿಯೇ ಎಂದರು. ಅಪ್ಪ ಅಮ್ಮನ ಕಡೆ ನೋಡಿದ. ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕಂಡವನಲ್ಲ. ಹಾಲಿಗೆ ನೀರು ಬೆರೆಸಿ ತಂದ ಸ್ವಂತ ಸೋದರಮಾವನನ್ನೇ ಡೇರಿಯಿಂದ ವಾಪಸ್ಸು ಕಳಿಸಿದ್ದವನು. ಆ ಕ್ಷಣದಲ್ಲಿ ನನಗೆ ನೆನಪಿರುವುದು ಅಮ್ಮನ ಮಿಷನ್ನಿನ ಗುರ್ ಎನ್ನುವ ಸದ್ದು ಮಾತ್ರ. ಅಪ್ಪ ಏನಾದರೂ ನಿಜ ಹೇಳಿದರೆ ಆ ಸದ್ದು ನಿಲ್ಲುತ್ತದೆ, ಗೋಡೆಯಾಚೆಯ ಮಗ್ಗದ ಸದ್ದೂ ನಿಲ್ಲುತ್ತದೆ.

"ಹೌದು ಸಾರ್. ನನ್ನ ತಂಗಿ. ಒಂದೇ ಮನೆ," ಎಂದ ಅಪ್ಪ.

ಅವರು ಏನೋ ಗೊಣಗಿಕೊಂಡು ಹೋದರು. ಅತ್ತೆ ಮತ್ತೆ ಮಗ್ಗದ ಕಡೆ ಹೋದಳು. ಅಪ್ಪ ಅವತ್ತೆಲ್ಲ ಮಾತಾಡಲಿಲ್ಲ. ಬದುಕಿನ ಒಂದೇ ಒಂದು ಸುಳ್ಳು ಅವನನ್ನು ಒಳಗೇ ತಿನ್ನುತ್ತಿದೆ ಎಂದು ನಾನು ತೀರ್ಮಾನಿಸಿದೆ. ಆಗ ನನಗೆ ಎಲ್ಲದಕ್ಕೂ ತೀರ್ಮಾನವಿತ್ತು.

ಆಮೇಲಿನ ವರ್ಷಗಳಲ್ಲಿ ರಾತ್ರಿ ಮಲಗುವಾಗ ಬಿಟ್ಟರೆ ಆ ಬಾಗಿಲನ್ನು ಯಾರೂ ಮುಚ್ಚುತ್ತಿರಲಿಲ್ಲ. ಅಮ್ಮ ಮಾಡಿದ ಮುದ್ದೆ ಆ ಕಡೆ ಹೋಗುತ್ತಿತ್ತು, ಅತ್ತೆಯ ಹುಣಸೆಹಣ್ಣಿನ ಗೊಜ್ಜು ಈ ಕಡೆ ಬರುತ್ತಿತ್ತು. ಅವಳ ಮಗಳ ಮದುವೆಯಲ್ಲಿ ಬೀಗರನ್ನು ಅರ್ಧ ಅಲ್ಲಿ, ಅರ್ಧ ಇಲ್ಲಿ ಮಲಗಿಸಿದೆವು. ಅಪ್ಪ ಹೋದ ದಿನ ಅತ್ತೆ ಮಗ್ಗ ನಿಲ್ಲಿಸಿದಳು. ಕರೆಂಟಿದ್ದೂ ಅವಳಾಗಿಯೇ ಮಗ್ಗ ನಿಲ್ಲಿಸಿದ್ದನ್ನು ನಾನು ಬೇರೆ ಯಾವಾಗಲೂ ಕಂಡ ನೆನಪಿಲ್ಲ. ಮುಂದೆ ಅವಳಿಗೂ ಮಂಡಿ ಹಿಡಿಯಿತು, ಸೀರೆಗೆ ಬೇಡಿಕೆ ಇಳಿಯಿತು, ಮಗ್ಗಗಳು ಗುಜರಿಗೆ ಹೋದವು. ಸದ್ದು ನಿಂತ ಮನೆಯಲ್ಲೂ ಅವಳು ಕೂಗಿಯೇ ಮಾತಾಡುತ್ತಿದ್ದಳು. ಮಗಳು ಹೊಸಕೋಟೆಗೆ ಕರೆದುಕೊಂಡು ಹೋದ ಮೇಲೆ ಒಂದು ಚಳಿಗಾಲದಲ್ಲಿ ಅಲ್ಲೇ ಹೋದಳು. ನಾವು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಾರಿಯಲ್ಲಿ ಟ್ರಾಫಿಕ್ಕು…

ಮೊನ್ನೆ ಮೇಸ್ತ್ರಿ ಚೌಕಟ್ಟಿಗೆ ಉಳಿ ಇಟ್ಟಿದ್ದಾಗ ನಾನು ಅವನಿಗೂ ಈ ಕತೆ ಶುರುಮಾಡಿದೆ. ತಲೆಕೆಳಗಾದ ಬಾಗಿಲಿನವರೆಗೆ ಬಂದಿದ್ದೆ. ಮೇಸ್ತ್ರಿ ನಗಲು ಬಾಯಿ ತೆರೆದಿದ್ದ. ಗೋಡೆಯ ಪಕ್ಕ ನೆಲದ ಮೇಲಿನ ಹಾಸಿಗೆಯಲ್ಲಿ ಕೂತಿದ್ದ ಅಮ್ಮ, ಸೊಪ್ಪು ಬಿಡಿಸುತ್ತಿದ್ದವಳು, ತಲೆ ಎತ್ತದೆ ಹೇಳಿದಳು.

"ತಲೆಕೆಳಗೂ ಇಲ್ಲ, ಏನೂ ಇಲ್ಲ. ಅದನ್ನ ಹಂಗೇ ಮಾಡ್ಸಿದ್ದು."

ಹಾಗೆಂದರೆ ಎಂದು ಕೇಳಿದೆ.

ಅಮ್ಮನ ಪ್ರಕಾರ ಬಾಗಿಲಿಗೂ ಕರೆಂಟಿಗೂ ಸಂಬಂಧವೇ ಇರಲಿಲ್ಲ. ತಪಾಸಣೆಗಿಂತ ಎಷ್ಟೋ ಮೊದಲೇ ಬಾಗಿಲು ಬಂದಿತ್ತು. ಆ ಮಾಗಿಯ ಒಂದು ಮುಂಜಾವ, ಅಪ್ಪ ಹಾಲಿನ ಡೇರಿಗೆ ಹೋದ ಮೇಲೆ, ಅಮ್ಮನಿಗೆ ಉಸಿರು ಕಟ್ಟಿತು. ಎದ್ದು ಹೋಗಿ ಬೀದಿ ಬಾಗಿಲು ತೆಗೆಯಲು ಆಗಲಿಲ್ಲ. ಕೂಗಲು ದನಿಯಿಲ್ಲ, ಗೋಡೆ ಬಡಿದರೆ ಆಚೆ ಮಗ್ಗದ ಸದ್ದು. ಎಷ್ಟೋ ಹೊತ್ತಿನ ಮೇಲೆ ಕರೆಂಟು ಹೋಗಿ ಮಗ್ಗ ನಿಂತಾಗ ಅತ್ತೆಗೆ ಗೋಡೆ ಬಡಿಯುವ ಸದ್ದು ಕೇಳಿಸಿತಂತೆ. ಹೆಂಚು ಸರಿಸಿ ಯಾರನ್ನೋ ಒಳಗಿಳಿಸಿ ಬಾಗಿಲು ತೆಗೆಸಿದಳಂತೆ. ಮರುದಿನವೇ ಗಾರೆಯವನನ್ನು ಕರೆಸಿ ಗೋಡೆ ಒಡೆಸಿದಳು. ಮಿಷನ್ನು ಬಂದದ್ದು, ತಂತಿ ಎಳೆದದ್ದು ಆಮೇಲೆ. ಬಾಗಿಲಿತ್ತು, ಅದರ ಮೇಲಿಂದ ಎಳೆದರು, ಅಷ್ಟೆ.

ನಾನು ಸುಮ್ಮನಿರಬಹುದಿತ್ತು. ಆದರೆ ನಾನು ಚರಿತ್ರೆ ಓದಿದವನು, ಯಾರದೇ ನೆನಪನ್ನೂ ಒಂದೇ ಬಾಯಿಂದ ಒಪ್ಪಿಕೊಳ್ಳಬೇಡಿ ಎಂದು ತರಗತಿಯಲ್ಲಿ ಹೇಳಿಕೊಡುವವನು. ಅಮ್ಮನಿಗೆ ವಯಸ್ಸಾಗಿದೆ, ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಕಲಸಿಹೋಗಿರಬಹುದು. ಅಡುಗೆಮನೆ ಕಿಟಕಿಯಿಂದ ತಂತಿ ಬಂದಿತ್ತಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ ಎಂದೆ.

"ಅದು ಬಟ್ಟೆ ಒಣಗಾಕೋ ತಂತಿ ಕಣೋ."

ಎದ್ದು ಹೋಗಿ ನೋಡಿದೆ. ಕಿಟಕಿಯ ಪಕ್ಕ ತುಕ್ಕು ಹಿಡಿದ ಕೊಕ್ಕೆಯೊಂದು ಈಗಲೂ ಇದೆ. ಅದು ಎರಡಕ್ಕೂ ಆಗುತ್ತದೆ. ಸಿಮೆಂಟು ಹಸಿಯಾಗಿತ್ತು, ಅಧಿಕಾರಿ ಬೆರಳಿನಿಂದ ಒತ್ತಿ ನೋಡಿದ್ದರು ಎಂದೆ. ಅಮ್ಮ ನನ್ನ ಮುಖ ನೋಡಿದಳು. ಹೇಳುತ್ತಿದ್ದಂತೆಯೇ ನನಗೂ ಅನುಮಾನ ಹತ್ತಿತು. ಅಧಿಕಾರಿ ಒತ್ತಿದ್ದನ್ನು ನಾನು ಕಂಡಿದ್ದೆನೇ, ಇಲ್ಲ ಯಾವುದೋ ಮದುವೆ ಮನೆಯಲ್ಲಿ ಕತೆ ಸ್ವಲ್ಪ ರಂಗೇರಲಿ ಎಂದು ಸೇರಿಸಿದ್ದು ಹಾಗೇ ನೆನಪಾಗಿ ಕೂತುಬಿಟ್ಟಿತೇ? ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಕಣ್ಣು ಮುಚ್ಚಿದರೆ ಆ ಬೆರಳಿನ ಗುರುತೂ ಕಾಣುತ್ತದೆ.

ಆಗ ಉಳಿದದ್ದು ಚಿಲಕ ಒಂದೇ. ನನ್ನ ಕತೆಯ ಸಾಕ್ಷಿ ಅದೇ. ಚಿಲಕ ಯಾಕೆ ಕೆಳಗಿದೆ ಹೇಳು ಮತ್ತೆ ಎಂದು ಕೇಳಿದೆ, ಪಾಟೀಸವಾಲು ಮಾಡುವ ವಕೀಲನ ಹಾಗೆ.

ಅಮ್ಮ ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು. ಹಾಸಿಗೆಯ ಮೇಲೆ ಮಲಗಿದಳು. ಮಲಗಿದಲ್ಲಿಂದಲೇ ಎಡಗೈ ಚಾಚಿದಳು. ಮೇಸ್ತ್ರಿ ಇನ್ನೂ ಕೀಳದೆ ಬಿಟ್ಟಿದ್ದ ಬಾಗಿಲಿನ ಬುಡಕ್ಕೆ ಆ ಕೈ ನೇರವಾಗಿ ಹೋಯಿತು. ನೋಡದೆಯೇ ಬೆರಳು ಚಿಲಕ ಹಿಡಿದು ಮೇಲಕ್ಕೆತ್ತಿತು. ಬಾಗಿಲು ತಾನಾಗಿಯೇ ಆ ಕಡೆಗೆ, ಅತ್ತೆಯ ಮನೆಯೊಳಗೆ, ಸರಿದು ತೆರೆದುಕೊಂಡಿತು.

"ಅವ್ಳಿಗೆ ಕಿವಿ ಕೇಳ್ಸಲ್ವಲ್ಲ. ಬಾಗ್ಲು ತೆಕ್ಕೊಂಡ್ರೆ ಮಗ್ಗದ ತಾವ್ಲಿಂದ ಕಾಣ್ಸುತ್ತೆ. ಕಂಡ್ರೆ ಬಂದ್ಬಿಡ್ತೀನಿ ಅತ್ತಿಗೆ ಅಂದಿದ್ಳು," ಎಂದಳು ಅಮ್ಮ. ಚಿಲಕದಿಂದ ಕೈ ತೆಗೆದು, "ಬರ್ತಿದ್ಳು ಕೂಡಾ," ಎಂದಳು.

ಬಾಗಿಲಿನ ಆಚೆ ಕಡೆ ನೋಡಿದೆ. ಅಲ್ಲಿ ಚಿಲಕವೇ ಇರಲಿಲ್ಲ. ಎಂದೂ ಇದ್ದ ಗುರುತೂ ಇರಲಿಲ್ಲ. ಒಂದು ಮೊಳೆಯ ತೂತೂ ಇಲ್ಲ. ಆ ಬಾಗಿಲಿನಿಂದ ಸಾವಿರ ಸಲ ಓಡಾಡಿದ್ದೇನೆ, ಇದು ಕಣ್ಣಿಗೆ ಬಿದ್ದಿರಲಿಲ್ಲ. ಅಮ್ಮನಿಗೆ ನಾನು ತಂದುಕೊಟ್ಟ ಮಂಚ ಇನ್ನೊಂದು ಕೋಣೆಯಲ್ಲಿ ಬಟ್ಟೆ ರಾಶಿ ಹೊತ್ತುಕೊಂಡಿದೆ. ಈ ವಯಸ್ಸಿನಲ್ಲೂ ನೆಲದ ಮೇಲೆ, ಅದೂ ಈ ಗೋಡೆಯ ಪಕ್ಕವೇ ಮಲಗುವುದು ಹಟ ಎಂದು ಎಷ್ಟು ಜಗಳವಾಡಿದ್ದೆ. ಮಂಚದಿಂದ ಕೈ ಚಿಲಕಕ್ಕೆ ಎಟುಕುವುದಿಲ್ಲ ಎಂದು ಅವಳು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅನುಮಾನ ಪಡುವುದೇ ಅಭ್ಯಾಸವಾದವನಿಗೆ ಇನ್ನೂ ಪ್ರಶ್ನೆಗಳು ಉಳಿಯುತ್ತವೆ. ಇವೆಲ್ಲ ಹೇಗಿದ್ದರೂ ಅತ್ತೆಗೆ ತಪಾಸಣೆಯ ಯೋಚನೆಯೂ ಇದ್ದಿರಬಹುದಲ್ಲ? ಇದ್ದಿರಬಹುದು. ಆದರೆ ಅಧಿಕಾರಿಗೆ ತೋರಿಸಲು ಮಾಡಿದ ಬಾಗಿಲಿಗೆ ಮಲಗಿದವಳ ಕೈಗೆ ಸಿಗುವಂತೆ ಚಿಲಕ ಹಾಕಬೇಕಾಗಿರಲಿಲ್ಲ. ಅಪ್ಪ ಅವತ್ತೆಲ್ಲ ಮಾತಾಡದೆ ಕೂತದ್ದು ಸುಳ್ಳು ಹೇಳಿದ ಸಂಕಟಕ್ಕಲ್ಲ ಎಂದು ಈಗ ಅನಿಸುತ್ತದೆ. ಮತ್ತೆ ಯಾಕೆ ಎಂದು ಕೇಳಲು ಅಪ್ಪನಿಲ್ಲ. ಅತ್ತೆ ಎಷ್ಟು ಚೆನ್ನಾಗಿ ಸುಳ್ಳು ಹೇಳಿದಳು ಎಂದು ನಾನು ಇಷ್ಟು ವರ್ಷ ಊರಿಗೆಲ್ಲ ಹೇಳಿ ಮೆಚ್ಚಿಸಿದ್ದೆ. ಅವಳು ಹೇಳಿದ್ದು ನಿಜವಾಗಿತ್ತು.

ಮೇಸ್ತ್ರಿ ಉಳಿ ಹಿಡಿದು ಕಾಯುತ್ತಿದ್ದ. ಸಾರ್, ಕೀಳೋದಾ ಬೇಡವಾ ಎಂದ. ಎಂಜಿನಿಯರಿಗೆ ಫೋನು ಮಾಡಿದೆ. ಬಾಗಿಲು ಹಾಗೇ ಇಟ್ಟು ಆಚೆಯಿಂದ ಬೀಗ ಹಾಕಿದರೆ ನಡೆಯುತ್ತದೆಯೇ ಎಂದು ಕೇಳಿದೆ. ಪಾಪ, ಅವನು ತಾಳ್ಮೆಯಿಂದಲೇ ವಿವರಿಸಿದ. ಬೀಗ ತೆಗೆಯಬಹುದಲ್ಲ ಸಾರ್, ಪೂರ್ತಿ ಗೋಡೆಯೇ ಆಗಬೇಕು, ನನ್ನ ಮೇಲಿನವರು ಫೋಟೋ ನೋಡುತ್ತಾರೆ ಎಂದ. ಇದು ಎರಡು ಮನೆಯಲ್ಲಪ್ಪ ಎಂದು ಹೇಳಬೇಕೆನಿಸಿತು. ಹೇಳಿದ್ದರೆ ಮೀಟರು ಬರುತ್ತಿರಲಿಲ್ಲ. ಹೊಸಕೋಟೆಯ ಮಗಳ ಬಾಡಿಗೆಯವರು ಬರುವ ದಿನ ಹತ್ತಿರವಾಗಿತ್ತು. ಅಮ್ಮನ ಮಿಷನ್ನಿಗೆ ಕರೆಂಟು ಬೇಕಿತ್ತು. ಆಗಲೂ ಅದೇ, ಈಗಲೂ ಅದೇ. ಕೀಳಪ್ಪ ಎಂದೆ.

ಕೀಳುವ ಮೊದಲು ಅಮ್ಮ ಒಂದೇ ಒಂದು ಸಲ ಆ ಕಡೆ ಕರೆದುಕೊಂಡು ಹೋಗು ಎಂದಳು. ಕೈ ಹಿಡಿದು ದಾಟಿಸಿದೆ. ಮಗ್ಗಗಳಿದ್ದ ಕಡೆ ನೆಲದಲ್ಲಿ ಎಣ್ಣೆಯ ಕಲೆ ಇನ್ನೂ ಇತ್ತು. ಅಮ್ಮ ಅಲ್ಲಿ ನಿಂತು, ಅತ್ತೆ ಕೂರುತ್ತಿದ್ದ ಜಾಗದಿಂದ ನಮ್ಮ ಮನೆಯ ಕಡೆ ತಿರುಗಿ ನೋಡಿದಳು. ಅಲ್ಲಿಂದ ಅಮ್ಮನ ಹಾಸಿಗೆ ಪೂರ್ತಿ ಕಾಣುತ್ತಿತ್ತು. ಮತ್ತೆ ಆ ಬಾಗಿಲಿನಿಂದಲೇ ವಾಪಸ್ಸು ಬಂದೆವು.

ಸಂಜೆಯ ಹೊತ್ತಿಗೆ ಇಟ್ಟಿಗೆ ಮೇಲೆದ್ದಿತ್ತು. ಫೋಟೋ ಹಾಕಿದೆ. ಸದರಿ ಮನೆಗಳು ಪ್ರತ್ಯೇಕವಾಗಿದ್ದು ಅವುಗಳ ನಡುವೆ ಯಾವುದೇ ಸಂಪರ್ಕವಿರುವುದಿಲ್ಲ ಎಂದು ಬರೆದಿದ್ದ ಕಡೆ ಸಹಿಯನ್ನೂ ಹಾಕಿದೆ. ಆ ಹುಡುಗ ಮಾತಿಗೆ ತಪ್ಪಲಿಲ್ಲ, ಮೀಟರು ಬಂತು. ಹಜಾರದ ಗೋಡೆಯ ಮೇಲೆ ಕೂತು ಕೆಂಪು ದೀಪ ಮಿಣುಕಿಸುತ್ತಿದೆ. ಅಪ್ಪ ಅಷ್ಟೆಲ್ಲ ಅಲೆದದ್ದು ಇದಕ್ಕೆ.

ಮಂಚವನ್ನು ಇನ್ನಾದರೂ ಬಳಸು ಎಂದು ಅಮ್ಮನಿಗೆ ಹೇಳಿ ನೋಡಿದೆ, ಒಪ್ಪಲಿಲ್ಲ. ಇವತ್ತು ಬೆಳಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಅವಳಿಗೆ ಉಬ್ಬಸ ಶುರುವಾಯಿತು. ನಾನು ಅಲ್ಲೇ ಇದ್ದೆ. ಆದರೂ ಅವಳ ಎಡಗೈ ಮೊದಲು ಹೋದದ್ದು ಗೋಡೆಯ ಬುಡಕ್ಕೆ. ಇನ್ನೂ ಆರದ ಗಾರೆಯ ಮೇಲೆ ಬೆರಳು ಒಂದೆರಡು ಸಲ ತಡಕಾಡಿತು, ನಿಂತಿತು. ಆಮೇಲೆ ಅವಳು ಕಣ್ಣು ತೆರೆದು ನನ್ನ ಕಡೆ ನೋಡಿ, ಮಿಷನ್ನು ಹಾಕು ಎಂದು ಸನ್ನೆ ಮಾಡಿದಳು.